ಇಲ್ಲಿ ನಿಜಕ್ಕೂ ನೆಲವೇ ಡೊಂಕು

ಪ್ರಶ್ನೆ: ಮನೆಯ ಹಿಂದೆ 8 ಮೀಟರ್ ಉದ್ದ, 5 ಮೀಟರ್ ಅಗಲದ ಕೈತೋಟವಿದೆ. ನ್ಯಾರೋ ಗೇಜ್ ಮಾದರಿ ರೈಲಿನ ಒಂದು ಸೆಟ್ ಕೊಂಡಿದ್ದೇನೆ. ಹಳಿಗಳ ನಡುವಿನ ಅಂತರ 45 ಮಿ.ಮೀ., ತಿರುವಿನ ತ್ರಿಜ್ಯ 60 ಸೆಂ.ಮೀ. ಮನೆಯೊಳಗೆ ಚೆನ್ನಾಗಿಯೇ ಓಡುತ್ತಿತ್ತು. ತೋಟದಲ್ಲಿ ಹುಲ್ಲಿನ ಮೇಲೆ ಹಳಿ ಜೋಡಿಸಿದಾಗಿನಿಂದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಳಿ ತಪ್ಪುತ್ತಿದೆ. ಎರಡು ವಾರ ಕಳೆಯುವಷ್ಟರಲ್ಲಿ ಇಂಜಿನ್ ತಡವರಿಸಿ ನಿಲ್ಲಲೂ ಶುರುಮಾಡಿತು. ತೋಟದ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 20 ಸೆಂ.ಮೀ. ತಗ್ಗು. ಕಾಂಕ್ರೀಟ್ ಹಾಕಿಸಲೇ? 32 ಮಿ.ಮೀ. ಗೇಜಿಗೆ ಬದಲಾಯಿಸಲೇ? ಮುಂದೆ ನಿಜವಾದ ಉಗಿ ಇಂಜಿನ್ ಓಡಿಸುವ ಆಸೆಯಿದೆ. ಮಗಳಿಗೆ ಸುರಂಗ ಬೇಕಂತೆ.

ಉತ್ತರ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಮ್ಮ ಇಂಜಿನ್ ಹಾಗೆಂದರೆ ಮಾತ್ರ ನಂಬಿ, ಅದು ನಿಜವನ್ನೇ ಹೇಳುತ್ತಿದೆ. ಮನೆಯೊಳಗೆ ಸರಿಯಾಗಿ ಓಡಿದ ಇಂಜಿನ್ ಹೊರಗೆ ಬಂದ ಕೂಡಲೇ ಕೆಡುವುದಿಲ್ಲ. ನೀವು ಕೇಳಿರುವ ಪ್ರಶ್ನೆಗಳಲ್ಲಿ ಸುರಂಗವೊಂದನ್ನು ಬಿಟ್ಟರೆ ಉಳಿದವೆಲ್ಲ ಮಣ್ಣು, ನೀರು, ಬಿಸಿಲಿನ ಪ್ರಶ್ನೆಗಳೇ. ಕೈತೋಟದ ರೈಲಿನಲ್ಲಿ ಮುಕ್ಕಾಲು ಪಾಲು ಕೆಲಸ ಗಾರೆಯವನದು, ಉಳಿದದ್ದು ಡ್ರೈವರನದು.

ಮೊದಲು ಆ ಒಂದೇ ಜಾಗದ ಸಂಗತಿ. ಒಂದು ಪುಟ್ಟ ರಸಮಟ್ಟ ತೆಗೆದುಕೊಂಡು ಅಲ್ಲಿಗೆ ಹೋಗಿ. ಹಳಿಯ ಉದ್ದಕ್ಕೆ ಇಡಬೇಡಿ, ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಇಡಿ. ರೈಲು ಬೀಳುವ ಜಾಗಕ್ಕೆ ಅರ್ಧ ಮೀಟರ್ ಹಿಂದಿನಿಂದ ಶುರುಮಾಡಿ, ಗೇಣು ಗೇಣಿಗೂ ಇಟ್ಟು ಗುಳ್ಳೆ ಎತ್ತ ಸರಿಯುತ್ತದೆ ನೋಡುತ್ತ ಬನ್ನಿ. ಒಂದು ಕಡೆ ಎಡಕ್ಕಿದ್ದ ಗುಳ್ಳೆ ಎರಡು ಗೇಣು ಮುಂದೆ ಬಲಕ್ಕೆ ಹೋಗಿರುತ್ತದೆ ಎಂದು ನನ್ನ ಅಂದಾಜು. ಅದು ತಿರುಚು. ಸೆಟ್‌ನಲ್ಲಿ ಬರುವ ನಾಲ್ಕು ಚಕ್ರದ ಗಾಡಿಗಳಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಅಂಥ ಗಾಡಿ ತಿರುಚಿದ ಹಳಿಯ ಮೇಲೆ ಬಂದಾಗ, ಏರುತಗ್ಗಿನ ನೆಲದಲ್ಲಿಟ್ಟ ನಾಲ್ಕು ಕಾಲಿನ ಸ್ಟೂಲಿನಂತೆ ಮೂರರ ಮೇಲೆ ನಿಂತು ನಾಲ್ಕನೆಯದನ್ನು ಎತ್ತಿಬಿಡುತ್ತದೆ. ಚಕ್ರದ ಅಂಚು ಹಳಿಯನ್ನು ಹಿಡಿದಿರುವುದೇ ಎರಡು ಮೂರು ಮಿಲಿಮೀಟರಿನಷ್ಟು. ಅಷ್ಟು ಎದ್ದರೆ ಮುಗಿಯಿತು. ಹಳಿ ಉದ್ದಕ್ಕೆ ಸ್ವಲ್ಪ ಏರಿಳಿದರೆ ರೈಲು ಸಹಿಸಿಕೊಳ್ಳುತ್ತದೆ, ಅಡ್ಡಡ್ಡ ತಿರುಚಿದರೆ ಸಹಿಸುವುದಿಲ್ಲ.

ಹಳಿ ಮಟ್ಟವಾಗಿದ್ದೂ ಒಂದೇ ಗಾಡಿ ಬೀಳುತ್ತಿದ್ದರೆ ಆಗ ಗಾಡಿಯನ್ನು ಅನುಮಾನಿಸಿ. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. 45ರ ಗೇಜಿಗೆ 40ರಿಂದ 41 ಮಿ.ಮೀ., 32ರ ಗೇಜಿಗೆ ಸುಮಾರು 28 ಮಿ.ಮೀ. ಬರಬೇಕು. ಬಂದರೂ ಬೀಳುತ್ತಿದ್ದರೆ ಆ ಗಾಡಿ ತೀರಾ ಹಗುರವಿರಬಹುದು. ತಳದಲ್ಲಿ, ಅಚ್ಚುಗಳ ಹತ್ತಿರ, ಸ್ವಲ್ಪ ತೂಕ ಅಂಟಿಸಿ ನೋಡಿ.

ಇನ್ನು 32 ಮತ್ತು 45ರ ಜಗಳ. ನಮ್ಮಲ್ಲಿ ನ್ಯಾರೋ ಗೇಜ್ ಎಂದರೆ 762 ಮತ್ತು 610 ಮಿ.ಮೀ. ಹಳಿಗಳು, ಮೀಟರ್ ಗೇಜನ್ನು ಬೇರೆಯಾಗಿಯೇ ಕರೆಯುತ್ತೇವೆ. ಮಾದರಿ ರೈಲಿನವರ ಭಾಷೆಯಲ್ಲಿ ಹೊರದೇಶಗಳಲ್ಲಿ ಹೆಚ್ಚು ಬಳಕೆಯ ಸ್ಟ್ಯಾಂಡರ್ಡ್ ಗೇಜಾದ 1435 ಮಿ.ಮೀ.ಗಿಂತ ಕಿರಿದಾದದ್ದೆಲ್ಲ ನ್ಯಾರೋ ಗೇಜೇ, ಮೀಟರ್ ಗೇಜೂ ಸೇರಿ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕ್ಯಾಟಲಾಗ್ ಓದುವಾಗ ತಲೆ ಕೆಡುತ್ತದೆ. 45 ಮಿ.ಮೀ. ಹಳಿ ಹಳೆಯ ಕಾಲದ್ದು. 1435ರ ದೊಡ್ಡ ರೈಲನ್ನು 1:32ಕ್ಕೆ, ಅಂದರೆ ಮೂವತ್ತೆರಡರಲ್ಲಿ ಒಂದು ಪಾಲಿಗೆ, ಇಳಿಸಿದರೆ ಸಿಗುವ ಅಳತೆ ಅದು. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನಲ್ಲಿ ಇದೇ ಹಳಿಯ ಮೇಲೆ ಮೀಟರ್ ಗೇಜ್ ರೈಲನ್ನು 1:22.5ರಲ್ಲಿ ತಂದಿತು. ಮಳೆ ಬಿಸಿಲಿಗೆ ಬಗ್ಗದ ಪ್ಲಾಸ್ಟಿಕ್ಕು, ದಪ್ಪ ಹಿತ್ತಾಳೆ ಹಳಿ, ಕಡಿದಾದ ತಿರುವು. ಕೈತೋಟದ ರೈಲು ಕೆಲವೇ ಕುಶಲಕರ್ಮಿಗಳ ಕೈಯಿಂದ ಸಾಮಾನ್ಯರ ಹಿತ್ತಿಲಿಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಅಮೆರಿಕದ ಮೂರಡಿ ಗೇಜನ್ನು ಇಷ್ಟಪಡುವವರು ಇದೇ 45ರ ಮೇಲೆ 1:20.3ರ ಗಾಡಿ ಓಡಿಸುತ್ತಾರೆ. ಎರಡಡಿ ಗೇಜನ್ನೇ ಇದರ ಮೇಲೆ ತರಬೇಕೆಂದರೆ 1:13.7 ಆಗುತ್ತದೆ, ಒಂದೊಂದು ಗಾಡಿಯೂ ಟ್ರಂಕಿನಷ್ಟು ಕಾಣುತ್ತದೆ.

32ರದ್ದು ಬೇರೆ ಕತೆ. ಒಂದು ಅಡಿಗೆ 16 ಮಿ.ಮೀ. ಎಂದು ಲೆಕ್ಕ ಹಿಡಿದರೆ ಎರಡಡಿ ಗೇಜ್ ಸರಿಯಾಗಿ 32 ಮಿ.ಮೀ. ಆಗುತ್ತದೆ, ಅಂದರೆ ಸುಮಾರು 1:19. ಡಾರ್ಜಿಲಿಂಗಿನ ರೈಲು, ವೇಲ್ಸ್‌ನ ಕಲ್ಲುಗಣಿ ರೈಲುಗಳು ಈ ಜಾತಿಯವು. ಗಾಡಿ ದೊಡ್ಡದು, ಹಳಿ ಕಿರಿದು. ಮೇಲಿನಿಂದ ನೋಡಿದರೆ ಗಾಡಿಯ ಹೊಟ್ಟೆ ಹಳಿಯಿಂದಾಚೆ ಚಾಚಿಕೊಂಡಿರುವ ಆ ನೋಟವಿದೆಯಲ್ಲ, ನನ್ನ ಮಟ್ಟಿಗೆ ನ್ಯಾರೋ ಗೇಜಿನ ಸೊಗಸೆಲ್ಲ ಅಲ್ಲೇ ಇದೆ. ಆದರೂ ನಿಮಗೆ ನನ್ನ ಸಲಹೆ 45ರಲ್ಲೇ ಉಳಿಯಿರಿ ಎಂದೇ. ಇಂಜಿನ್ ಇದೆ, ಗಾಡಿಗಳಿವೆ. 1:19ರ ಉಗಿ ಇಂಜಿನ್‌ಗಳಲ್ಲಿ ಹಲವು 45ರ ಗೇಜಿಗೂ ಸಿಗುತ್ತವೆ. ಕೆಲವಕ್ಕೆ ಚಕ್ರವನ್ನು ಅಚ್ಚಿನ ಮೇಲೆ ಸರಿಸಿ ಎರಡು ಗೇಜಿಗೂ ಹೊಂದಿಸಬಹುದು. ಮನಸ್ಸು ಪೂರ್ತಿ ಡಾರ್ಜಿಲಿಂಗಿನ ಮೇಲಿದ್ದರೆ ಮಾತ್ರ 32. ಹಾಗಿದ್ದರೆ ಹಳಿ ಹಾಕುವ ಮೊದಲೇ ತೀರ್ಮಾನಿಸಿ. ಆಮೇಲೆ ಬದಲಾಯಿಸುವುದೆಂದರೆ ಮನೆ ಕಟ್ಟಿದ ಮೇಲೆ ಪಾಯ ಬದಲಾಯಿಸಿದ ಹಾಗೆ.

ಈಗ ನಿಮ್ಮ ಜಾಗ. 60 ಸೆಂ.ಮೀ. ತ್ರಿಜ್ಯದ ತಿರುವನ್ನು ಮೂಲೆಯಲ್ಲಿಟ್ಟುಬಿಡಿ, ಮುಂದೆ ಗೂಡ್ಸ್ ಯಾರ್ಡಿಗೆ ಬೇಕಾದೀತು. ಮುಖ್ಯ ದಾರಿಗೆ 1.2 ಮೀಟರ್ ತ್ರಿಜ್ಯ ಕೊಡಿ. 8ಕ್ಕೆ 5ರ ತೋಟದಲ್ಲಿ ಸುತ್ತಲೂ ಅರ್ಧ ಮೀಟರ್ ಬಿಟ್ಟು, 7ಕ್ಕೆ 4 ಮೀಟರಿನ ಆಯತ ಎಳೆದು ನಾಲ್ಕು ಮೂಲೆಗಳನ್ನು 1.2 ಮೀಟರ್ ತ್ರಿಜ್ಯದಲ್ಲಿ ಉರುಟು ಮಾಡಿದರೆ ಸುಮಾರು 20 ಮೀಟರ್ ದಾರಿ ಸಿಗುತ್ತದೆ. ಸಣ್ಣದೇನಲ್ಲ. ತ್ರಿಜ್ಯ ಹೆಚ್ಚಿಸುವುದು ಬರೀ ಚೆಂದಕ್ಕಲ್ಲ. ಉದ್ದದ ಬೋಗಿ ತಿರುವಿನಲ್ಲಿ ಹೋಗುವಾಗ ಅದರ ನಡುಭಾಗ ಒಳಕ್ಕೆ ಬಾಗುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ನಡುಭಾಗ ಎಷ್ಟು ಒಳಕ್ಕೆ ಬರುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿದೆ: ಎರಡು ಚಕ್ರಗುಂಪುಗಳ ನಡುವಿನ ಅಂತರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಅಂತರ 300 ಮಿ.ಮೀ. ಇದ್ದರೆ 60 ಸೆಂ.ಮೀ. ತ್ರಿಜ್ಯದಲ್ಲಿ ಸುಮಾರು 19 ಮಿ.ಮೀ. ಒಳಕ್ಕೆ ಬರುತ್ತದೆ, 1.2 ಮೀಟರಿನಲ್ಲಿ 9 ಚಿಲ್ಲರೆ. ಪ್ಲಾಟ್‌ಫಾರ್ಮ್ ಎಲ್ಲಿಡಬೇಕು, ಸುರಂಗದ ಬಾಯಿ ಎಷ್ಟು ಅಗಲವಿರಬೇಕು ಎಂಬುದೆಲ್ಲ ಈ ಲೆಕ್ಕದಿಂದಲೇ. ಎಡಕ್ಕೆ ತಿರುಗಿದ ಹಳಿಯನ್ನು ಕೂಡಲೇ ಬಲಕ್ಕೆ ತಿರುಗಿಸಬೇಡಿ. ನಿಮ್ಮಲ್ಲಿರುವ ಅತಿ ಉದ್ದದ ಗಾಡಿಯಷ್ಟಾದರೂ ನೇರ ಹಳಿ ಮಧ್ಯೆ ಇರಲಿ. ಇಲ್ಲದಿದ್ದರೆ ಅಕ್ಕಪಕ್ಕದ ಗಾಡಿಗಳ ಕೊಂಡಿಗಳು ಎದುರು ಬದುರು ಎಳೆದಾಡಿ ಒಂದನ್ನೊಂದು ಕೆಡವುತ್ತವೆ.

20 ಸೆಂ.ಮೀ. ತಗ್ಗನ್ನು ಏನು ಮಾಡುವುದು? ನೆಲ ಹೇಗಿದೆಯೋ ಹಾಗೇ ಹಳಿ ಹಾಕಿದರೆ ಅರ್ಧ ಸುತ್ತು ಏರು, ಅರ್ಧ ಸುತ್ತು ಇಳಿಜಾರು. ಅರ್ಧ ಸುತ್ತು ಎಂದರೆ 10 ಮೀಟರ್, ಏರು ಐವತ್ತಕ್ಕೆ ಒಂದು. ಕಾಗದದ ಮೇಲೆ ಇದು ಭಯಪಡುವಂಥದ್ದಲ್ಲ. ಆದರೆ ಸ್ಟೇಷನ್ನಿಗೆ ಮಟ್ಟದ ಜಾಗ ಬೇಕು. ಅದಕ್ಕೆ 2 ಮೀಟರ್ ತೆಗೆದರೆ ಉಳಿದದ್ದು ನಲವತ್ತಕ್ಕೆ ಒಂದಾಗುತ್ತದೆ. 2 ಕಿಲೋ ಇಂಜಿನ್, 3 ಕಿಲೋ ಗಾಡಿಗಳು ಎಂದಿಟ್ಟುಕೊಳ್ಳಿ: ಈ ಏರಿನಲ್ಲಿ ಬರೀ ಭಾರವನ್ನು ಮೇಲೆತ್ತಲಿಕ್ಕೇ 125 ಗ್ರಾಂ ತೂಗುವಷ್ಟು ಎಳೆತ ಹೆಚ್ಚಿಗೆ ಬೇಕು, ತಿರುವಿನ ತಿಕ್ಕಾಟ ಬೇರೆ. ಎಲೆಕ್ಟ್ರಿಕ್ ಇಂಜಿನ್ ಏದುತ್ತ ಹತ್ತೀತು. ಹಬೆಯನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಕೈಯಿಂದ ಒಮ್ಮೆ ತಿರುಗಿಸಿ ಬಿಡುವ ಉಗಿ ಇಂಜಿನ್ ಮಾತ್ರ ಏರಿನಲ್ಲಿ ನಿಲ್ಲುತ್ತದೆ, ನಿಲ್ಲದಂತೆ ತಿರುಗಿಸಿಟ್ಟರೆ ಇಳಿಜಾರಿನಲ್ಲಿ ಕುದುರೆಯಾಗಿ ತಿರುವಿನಲ್ಲಿ ಮಗುಚುತ್ತದೆ. ವೇಲ್ಸ್‌ನ ಫೆಸ್ಟಿನಿಯೋಗ್ ರೈಲು 1836ರಲ್ಲಿ ಶುರುವಾದಾಗ ಕಲ್ಲಿನ ಹಲಗೆ ತುಂಬಿದ ಗಾಡಿಗಳು ಇಂಜಿನ್ನೇ ಇಲ್ಲದೆ ಬರೀ ಇಳಿಜಾರಿನ ಬಲದಲ್ಲಿ ಬಂದರಿಗೆ ಉರುಳಿಕೊಂಡು ಬರುತ್ತಿದ್ದವು. ಖಾಲಿ ಗಾಡಿಗಳನ್ನು ಮೇಲಕ್ಕೆ ಎಳೆಯುತ್ತಿದ್ದದ್ದು ಕುದುರೆಗಳು. ಅಲ್ಲಿಗೆ ಉಗಿ ಬಂದದ್ದು 1863ರಲ್ಲಿ. ಆದರೆ ಆ ಉರುಳುಗಾಡಿಗಳ ಮೇಲೆ ಬ್ರೇಕ್ ಹಿಡಿದು ಕೂರುವ ಮನುಷ್ಯರಿದ್ದರು. ನಿಮ್ಮ ಗಾಡಿಯ ಮೇಲೆ ಯಾರಿದ್ದಾರೆ?

ಆದ್ದರಿಂದ ಹಳಿಯನ್ನು ನೆಲಕ್ಕೆ ಒಪ್ಪಿಸಬೇಡಿ, ನೆಲವನ್ನು ಹಳಿಗೆ ಒಪ್ಪಿಸಿ. ಎತ್ತರದ ತುದಿಯಲ್ಲಿ ಹಳಿ ನೆಲದ ಮಟ್ಟದಲ್ಲಿರಲಿ. ತಗ್ಗಿನ ತುದಿಯಲ್ಲಿ 20 ಸೆಂ.ಮೀ. ಎತ್ತರದ ಏರಿ ಬರಲಿ. ಮಟ್ಟ ಗುರುತಿಸಲು ಲೇಸರ್ ಏನೂ ಬೇಡ. ಗಾರೆಯವರು ಬಳಸುವ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲವೆಂದು ನೋಡಿಕೊಂಡು, ಮೀಟರಿಗೊಂದರಂತೆ ನೆಟ್ಟ ಗೂಟಗಳ ಮೇಲೆ ಗೆರೆ ಎಳೆಯುತ್ತ ಹೋಗಿ. 8 ಮೀಟರ್ ದೂರಕ್ಕೆ ಅದಕ್ಕಿಂತ ನಂಬಿಕಸ್ತ ಸಾಧನ ನನಗೆ ಸಿಕ್ಕಿಲ್ಲ.

ಏರಿ ಎಂಬ ಪದವನ್ನು ಬೇಕೆಂದೇ ಬಳಸಿದೆ. ತೋಟದ ತಗ್ಗಿನ ಬದಿಗೆ ಅಡ್ಡಲಾಗಿ ಎತ್ತರದ ಮಣ್ಣಿನ ದಂಡೆ ಕಟ್ಟಿದರೆ ನೀವು ಕಟ್ಟಿದ್ದು ಕೆರೆ ಏರಿಯೇ. ಮೊದಲ ಜೋರು ಮಳೆಗೆ ನೀರು ಅದರ ಹಿಂದೆ ನಿಲ್ಲುತ್ತದೆ, ದಾರಿ ಸಿಗದೆ ತಳದ ಮಣ್ಣನ್ನು ಕೊರೆಯುತ್ತದೆ. ಕೆರೆಗೆ ತೂಬಿರುವಂತೆ ಇದಕ್ಕೂ ಎರಡು ಮೂರು ಕಡೆ ಪೈಪು ಹಾಯಿಸಿ. ಅಲ್ಲಿಯೇ ಒಂದು ಪುಟ್ಟ ಕಮಾನು ಕಟ್ಟಿ ಸೇತುವೆ ಮಾಡಿದರೆ ಕೆಲಸಕ್ಕೂ ಆಯಿತು, ನೋಟಕ್ಕೂ ಆಯಿತು. ಏರಿಯ ಎರಡು ಬದಿಗೆ ಕಲ್ಲು ಅಥವಾ ಬ್ಲಾಕು ನಿಲ್ಲಿಸಿ, ಒಳಗೆ ಒಡೆದ ಇಟ್ಟಿಗೆ ಜಲ್ಲಿಯನ್ನು ಒಂದೇ ಸಲ ಸುರಿಯದೆ ಗೇಣಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯಿರಿ. ಹೊಸದಾಗಿ ತುಂಬಿದ ನೆಲ ಕುಸಿದೇ ಕುಸಿಯುತ್ತದೆ. ಒಂದು ಮಳೆಗಾಲ ಕಳೆಯಲು ಬಿಟ್ಟು ಆಮೇಲೆ ಹಳಿ ಹಾಕುವ ತಾಳ್ಮೆ ಇದ್ದರೆ ನಿಮ್ಮಷ್ಟು ಪುಣ್ಯವಂತರಿಲ್ಲ. ನನಗಂತೂ ಅದು ಯಾವತ್ತೂ ಸಾಧ್ಯವಾಗಿಲ್ಲ.

ಅದರ ಮೇಲೆ, ಹಾಗೆಯೇ ನೆಲಮಟ್ಟದ ಭಾಗದಲ್ಲಿ ಒಂದು ಗೇಣು ಅಗಲ, 10ರಿಂದ 15 ಸೆಂ.ಮೀ. ಆಳದ ಕಾಲುವೆ ತೋಡಿ, ಕಳೆ ತಡೆಯುವ ನೀರಿಳಿಯುವ ಬಟ್ಟೆ ಹಾಸಿ, ಅರ್ಧ ಇಂಚಿನ ಜಲ್ಲಿ ತುಂಬಿ ಗಟ್ಟಿಮಾಡಿ. ಮೇಲಿನ ಎರಡು ಮೂರು ಸೆಂ.ಮೀ. ಮಾತ್ರ 3ರಿಂದ 6 ಮಿ.ಮೀ. ಗಾತ್ರದ ಸಣ್ಣ ಚೂರುಗಳು, ಸ್ವಲ್ಪ ಜಲ್ಲಿಪುಡಿ ಬೆರೆತಿದ್ದರೂ ಸರಿ. ಹೊಳೆಯ ಉರುಟು ಕಲ್ಲು ಬೇಡ. ನೋಡಲು ಚೆಂದ, ಆದರೆ ಗೋಲಿಗಳ ಮೇಲೆ ಹಲಗೆ ಇಟ್ಟಂತೆ ಹಳಿ ಜಾರಾಡುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ದೊಡ್ಡ ರೈಲಿನವರು ಹಳಿಯಡಿ ಒಡೆದ ಜಲ್ಲಿಯನ್ನೇ ಹಾಕುವುದು ಅದಕ್ಕೇ. ಹಳಿಯನ್ನು ಇದರ ಮೇಲಿಟ್ಟು ಸ್ಲೀಪರುಗಳ ನಡುವೆ ಚೂರು ತುಂಬಿ, ರಸಮಟ್ಟ ಹಿಡಿದು ತಗ್ಗಾದ ಕಡೆ ಅಡಿಗೆ ಚೂರು ತುರುಕಿ. ಆಮೇಲೂ ವರ್ಷಕ್ಕೆ ಎರಡು ಮೂರು ಬಾರಿ ಇದೇ ಕೆಲಸ ಮಾಡಬೇಕಾಗುತ್ತದೆ. ದೊಡ್ಡ ರೈಲಿಗೆ ಗ್ಯಾಂಗ್‌ಮನ್‌ಗಳಿದ್ದಾರೆ, ಇದಕ್ಕೆ ನೀವೇ.

ಕಾಂಕ್ರೀಟ್ ಹಾಕಿಸಲೇ ಎಂದಿರಿ. ಬೇಡ, ಕನಿಷ್ಠ ಮೊದಲ ದಾರಿಗಂತೂ ಬೇಡ. ಮೊದಲ ಸಲ ಹಾಕಿದ ದಾರಿಯನ್ನು ಹಾಗೇ ಉಳಿಸಿಕೊಂಡವರನ್ನು ನಾನು ನೋಡಿಲ್ಲ, ಕಾಂಕ್ರೀಟ್ ಹಾಕಿದರೆ ಬದಲಾಯಿಸಲು ಸುತ್ತಿಗೆ ಉಳಿ ಬೇಕು. ನನ್ನ ಮೊದಲ ದಾರಿ ಹಾಗೇ ಆಗಿತ್ತು. ಸಿಮೆಂಟ್ ಪಟ್ಟಿ ಹಾಕಿ, ಅದಕ್ಕೆ ಹಳಿಯನ್ನು ಅಡಿಗೆರಡು ಸ್ಕ್ರೂ ಬಿಗಿದು, ತುದಿಗೆ ತುದಿ ಮುಟ್ಟಿಸಿ ಜೋಡಿಸಿ, ತಂಪಾದ ಬೆಳಗ್ಗೆ ಹೊತ್ತು ಹೆಮ್ಮೆಯಿಂದ ರೈಲು ಓಡಿಸಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ನೇರ ಹಳಿ ಹಾವಿನಂತೆ ಬಳುಕಿ ನಾಲ್ಕು ಸ್ಕ್ರೂಗಳನ್ನು ಕಿತ್ತುಕೊಂಡು ಎದ್ದಿತ್ತು. ಹಿತ್ತಾಳೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಕೇಳಲು ಏನೂ ಇಲ್ಲವೆನಿಸುತ್ತದೆ. ಆದರೆ ಬಿಸಿಲಲ್ಲಿ ಬಿದ್ದ ಹಳಿ ಬೆಳಗಿನ ಚಳಿಗಿಂತ 40 ಡಿಗ್ರಿ ಹೆಚ್ಚು ಕಾಯಬಹುದು. ನಿಮ್ಮ 20 ಮೀಟರಿಗೆ ಅದು 15 ಮಿ.ಮೀ. ಎಲ್ಲಿಯಾದರೂ ಹೋಗಲೇಬೇಕಲ್ಲ? ಸುಮಾರು ಒಂದು ಮೀಟರ್ ಉದ್ದದ ತುಂಡುಗಳಾದರೆ ತಂಪು ಹೊತ್ತಿನಲ್ಲಿ ಪ್ರತಿ ಜೋಡಣೆಗೂ ಒಂದು ಮಿ.ಮೀ. ಸಂದು ಬಿಡಿ. ಒಂದು ವಿಸಿಟಿಂಗ್ ಕಾರ್ಡನ್ನು ಮೂರು ಮಡಿಕೆ ಮಾಡಿ ಸಂದಿಗಿಟ್ಟು ಜೋಡಿಸಿದರೆ ಅಳತೆ ತಾನಾಗಿ ಬರುತ್ತದೆ. ಜಲ್ಲಿಯ ಮೇಲೆ ಸುಮ್ಮನೆ ಕೂತ ಹಳಿಗೆ ಇನ್ನೊಂದು ಅನುಕೂಲವಿದೆ: ಇಡೀ ಸುತ್ತು ಎಲ್ಲ ಕಡೆ ಎರಡು ಎರಡೂವರೆ ಮಿ.ಮೀ. ಹೊರಕ್ಕೆ ಸರಿದರೂ ಆ 15 ಮಿ.ಮೀ. ಹಿಗ್ಗು ಅಡಗಿಹೋಗುತ್ತದೆ. ಸಂಜೆಗೆ ಮತ್ತೆ ಒಳಕ್ಕೆ. ಸ್ಕ್ರೂ ಬಿಗಿದ ಹಳಿಗೆ ಆ ಉಸಿರಾಟವಿಲ್ಲ.

ಇಂಜಿನ್ ತಡವರಿಸುವುದಕ್ಕೆ ಬರೋಣ. ನಿಮ್ಮ ಸೆಟ್ ಹಳಿಯಿಂದಲೇ ವಿದ್ಯುತ್ ಪಡೆಯುತ್ತದೆ. ಹೊರಗಿಟ್ಟ ಹಿತ್ತಾಳೆ ಪಾತ್ರೆ ಎರಡೇ ವಾರದಲ್ಲಿ ಹೇಗೆ ಕಪ್ಪಾಗುತ್ತದೋ ಹಳಿಯೂ ಹಾಗೇ. ಆ ಪದರದಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಅದರ ಮೇಲೆ ಹಳಿಯ ತುಂಡುಗಳನ್ನು ಜೋಡಿಸುವ ಪ್ರತಿ ಫಿಶ್‌ಪ್ಲೇಟಿನೊಳಗೂ ಮಣ್ಣು, ತೇವ. ಉಜ್ಜಿದರೆ ಓಡುತ್ತದೆ, ಮತ್ತೆರಡು ವಾರಕ್ಕೆ ಮತ್ತೆ ಉಜ್ಜಬೇಕು. ಜೋಡಣೆಗಳಿಗೆಲ್ಲ ಸ್ಕ್ರೂ ಕ್ಲಾಂಪ್ ಹಾಕಿ, ಐದಾರು ಕಡೆ ತಂತಿ ಕೊಟ್ಟು, ಈ ದಾರಿಯಲ್ಲಿ ಸುಖವಾಗಿರುವವರೂ ಇದ್ದಾರೆ. ನಾನು ಬಿಟ್ಟುಬಿಟ್ಟೆ. ನೀವೂ ಬಿಡಿ. ಇಂಜಿನ್ನಿನಲ್ಲೇ, ಜಾಗವಿಲ್ಲದಿದ್ದರೆ ಹಿಂದಿನ ಗಾಡಿಯಲ್ಲಿ, ಚಾರ್ಜ್ ಮಾಡುವ ಬ್ಯಾಟರಿ, ಕೈಯಲ್ಲಿ ರಿಮೋಟು. ಮೂರು ಅಥವಾ ನಾಲ್ಕು ಲೀಥಿಯಂ ಸೆಲ್‌ಗಳ ಪ್ಯಾಕ್, ಅಂದರೆ 11 ಅಥವಾ 15 ವೋಲ್ಟಿನ ಆಸುಪಾಸು, ನ್ಯಾರೋ ಗೇಜಿನ ನಿಧಾನ ಓಟಕ್ಕೆ ಸಾಕು. ಪ್ಯಾಕಿಗೆ ರಕ್ಷಣಾ ಸರ್ಕ್ಯೂಟ್ ಇರಲೇಬೇಕು, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿ. ಚಕ್ರದಿಂದ ಮೋಟರಿಗೆ ಬರುವ ತಂತಿಗಳನ್ನು ಕತ್ತರಿಸಿ ತುದಿ ಮುಚ್ಚುವುದನ್ನು ಮರೆಯಬೇಡಿ. ಮರೆತು ಒಮ್ಮೆ ಹಳಿಗೆ ಕರೆಂಟ್ ಕೊಟ್ಟರೆ ಬ್ಯಾಟರಿಯೂ ರಿಸೀವರೂ ಕೈಬಿಡುತ್ತವೆ. ಇದರಿಂದ ಬರುವ ಲಾಭ ಉಜ್ಜುವುದು ತಪ್ಪುವುದಷ್ಟೇ ಅಲ್ಲ. ರೈಲು ಸುತ್ತಿ ಬಂದು ತಾನು ಹೊರಟ ಹಳಿಗೇ ಎದುರುಮುಖವಾಗಿ ಸೇರುವ ಕುಣಿಕೆ ಹಾಕಬೇಕೆಂದರೆ ವಿದ್ಯುತ್ ಹಳಿಯಲ್ಲಿ ಅದು ಶಾರ್ಟ್ ಸರ್ಕ್ಯೂಟ್. ಬ್ಯಾಟರಿಗೆ, ಉಗಿಗೆ ಆ ತಾಪತ್ರಯವಿಲ್ಲ. ವಿದ್ಯುತ್ ಹಳಿಯನ್ನು ಉಳಿಸಿಕೊಂಡೇ ಉಗಿ ಇಂಜಿನ್ ತರುತ್ತೀರಾದರೆ ಅದರ ಚಕ್ರಗಳು ಇನ್ಸುಲೇಟ್ ಆಗಿವೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಆ ಇಂಜಿನ್ನೇ ಎರಡು ಹಳಿಗಳ ನಡುವಿನ ತಂತಿಯಾಗುತ್ತದೆ.

ಉಗಿ. ಇದರ ಬಗ್ಗೆ ಬರೆಯಲು ಕೂತರೆ ನನ್ನನ್ನು ಯಾರಾದರೂ ನಿಲ್ಲಿಸಬೇಕಾಗುತ್ತದೆ, ಆದ್ದರಿಂದ ಮುಖ್ಯವಾದದ್ದನ್ನು ಮಾತ್ರ ಹೇಳುತ್ತೇನೆ. ಪುಟ್ಟ ತಾಮ್ರದ ಬಾಯ್ಲರ್, ಒಳಗೆ ನೀರು, ಕೆಳಗೆ ಅಥವಾ ಕೊಳವೆಯೊಳಗೆ ಬ್ಯೂಟೇನ್ ಜ್ವಾಲೆ, ಚದರ ಇಂಚಿಗೆ ಸುಮಾರು 40 ಪೌಂಡ್ ಒತ್ತಡ. ಆಟಿಕೆಯ ಗಾತ್ರವಿದ್ದರೂ ಇದು ಆಟಿಕೆಯಲ್ಲ. ಬಾಯ್ಲರಿನ ಪರೀಕ್ಷಾ ಪತ್ರ ಇಲ್ಲದ ಹಳೆಯ ಇಂಜಿನ್ ಕೊಳ್ಳಬೇಡಿ, ಸೇಫ್ಟಿ ವಾಲ್ವಿನ ಸ್ಪ್ರಿಂಗನ್ನು ಮುಟ್ಟಲೇಬೇಡಿ. ಬಟ್ಟಿ ಇಳಿಸಿದ ನೀರು ಹಾಕಿ. ಗಡಸು ನೀರು ಹಾಕಿದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಬಾಯ್ಲರಿನೊಳಗೂ ಕಟ್ಟುತ್ತದೆ, ಅಲ್ಲಿ ಕೈ ಹಾಕಿ ಉಜ್ಜಲಾಗದು.

ಹೊಸಬರು ಹೆಚ್ಚಾಗಿ ಎಡವುವುದು ಎಣ್ಣೆಯಲ್ಲಿ. ಸಿಲಿಂಡರಿಗೆ ಎಣ್ಣೆ ಕೊಡಲು ಚಿಕ್ಕದೊಂದು ಎಣ್ಣೆ ಡಬ್ಬಿ ಇರುತ್ತದೆ, ಹಬೆಯ ಕೊಳವೆಗೆ ಸಣ್ಣದೊಂದು ತೂತಿನಿಂದ ಸೇರಿದ್ದು. ಅದರಲ್ಲಿ ಪಂಪೂ ಇಲ್ಲ, ಯಂತ್ರವೂ ಇಲ್ಲ. ಹಬೆ ಆ ತೂತಿನಿಂದ ಒಳಹೋಗಿ ತಣಿದು ನೀರಾಗುತ್ತದೆ, ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಇಳಿದಷ್ಟು ಎಣ್ಣೆ ಮೇಲೆದ್ದು ತೂತಿನಿಂದ ಹೊರಬಂದು ಹಬೆಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಓಟ ಮುಗಿದ ಮೇಲೆ ಮುಚ್ಚಳ ತೆಗೆದು ಸಿರಿಂಜಿನಿಂದ ತಳದ ನೀರನ್ನು ಹೀರಿ ತೆಗೆದು ಮತ್ತೆ ಎಣ್ಣೆ ತುಂಬಬೇಕು. ಇದನ್ನು ಮರೆತವರ ಇಂಜಿನ್ ಎರಡನೆಯ ಓಟಕ್ಕೆ ಒಣ ಸಿಲಿಂಡರಿನಲ್ಲಿ ಓಡುತ್ತದೆ. ಹಬೆಗೆಂದೇ ಮಾಡಿದ ದಪ್ಪ ಎಣ್ಣೆ ಬೇಕು, ಹೊಲಿಗೆ ಯಂತ್ರದ ಎಣ್ಣೆ ಆಗದು, ಬಿಸಿ ಹಬೆ ಅದನ್ನು ತೊಳೆದುಬಿಡುತ್ತದೆ.

ಗ್ಯಾಸನ್ನು ಕೊನೆಯಲ್ಲಿ ತುಂಬಿ. ಮೊದಲು ಕೀಲುಗಳಿಗೆ ಎಣ್ಣೆ, ಆಮೇಲೆ ಡಬ್ಬಿಗೆ ಎಣ್ಣೆ, ಆಮೇಲೆ ನೀರು, ಆಮೇಲೆ ಗ್ಯಾಸ್. ಬಯಲಿನಲ್ಲಿ, ಹತ್ತಿರದಲ್ಲಿ ಇನ್ನೊಂದು ಇಂಜಿನ್ ಉರಿಯದಿರುವಾಗ ತುಂಬಿ. ಬ್ಯೂಟೇನ್ ಗಾಳಿಗಿಂತ ಭಾರ, ತಗ್ಗಿನ ಮೂಲೆಯಲ್ಲಿ ಕಾಣದಂತೆ ನಿಂತಿರುತ್ತದೆ. ಬಿಸಿ ಇಂಜಿನ್ನಿಗೆ ಗ್ಯಾಸ್ ಸರಿಯಾಗಿ ಹೋಗುವುದೂ ಇಲ್ಲ, ಟ್ಯಾಂಕ್ ಆರಲು ಬಿಡಿ. ತೀರಾ ಚಳಿಯಲ್ಲಿ ತದ್ವಿರುದ್ಧ ತೊಂದರೆ: ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಜ್ವಾಲೆ ಸೊರಗುತ್ತದೆ. ಅದಕ್ಕೇ ಪ್ರೋಪೇನ್ ಬೆರೆತ ಡಬ್ಬಿಗಳಿವೆ. ಸ್ಪಿರಿಟ್ ಉರಿಸುವ ಇಂಜಿನ್ ತಂದರೆ ಒಂದು ಎಚ್ಚರ: ಅದರ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಒತ್ತಡ ಏರಿದ ಮೇಲೂ ಕೂಡಲೇ ಓಡಿಸಬೇಡಿ. ತಣ್ಣನೆಯ ಸಿಲಿಂಡರಿನಲ್ಲಿ ಹಬೆ ನೀರಾಗಿ ನಿಂತಿರುತ್ತದೆ. ಇಂಜಿನ್ನನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಚಿಮಣಿಯಿಂದ ಉಗುಳುತ್ತದೆ. ಹೊಸಬರು ಬಗ್ಗಿ ಚಿಮಣಿಯೊಳಗೆ ಇಣುಕುವುದು ಸರಿಯಾಗಿ ಆ ಹೊತ್ತಿಗೇ. ಒಂದು ಸಲ ಗ್ಯಾಸ್ ತುಂಬಿದರೆ ಇಪ್ಪತ್ತು ಮೂವತ್ತು ನಿಮಿಷದ ಓಟ. ಇಷ್ಟೆಲ್ಲ ಕೆಲಸವನ್ನು ನೆಲದ ಮೇಲೆ ಮಂಡಿಯೂರಿ ಮಾಡುವುದು ಒಂದು ವಯಸ್ಸಿನವರೆಗೆ ಸರಿ. ನಿಮ್ಮ ಏರಿಯ 20 ಸೆಂ.ಮೀ. ಇದಕ್ಕೆ ಸಾಲದು. ಏರಿಯ ಪಕ್ಕ ಒಂದು ಹೊಂಡ ತೋಡಿ ಕಾಲು ಇಳಿಬಿಟ್ಟು ಕೂರುವಂತೆ ಮಾಡಿಕೊಂಡವರಿದ್ದಾರೆ. ಸ್ಟೂಲು ಸಾಕು ಎಂಬುದು ನನ್ನ ಅಭಿಪ್ರಾಯ.

ಓಡಿಸುವ ಬಗ್ಗೆ ಒಂದೇ ಮಾತು: ನಿಧಾನ. ಎರಡಡಿ ಗೇಜಿನ ರೈಲು ಗಂಟೆಗೆ 24 ಕಿಲೋಮೀಟರ್ ಹೋದರೆ ಅದೇ ವೇಗ. 1:19ಕ್ಕೆ ಇಳಿಸಿದರೆ ಸೆಕೆಂಡಿಗೆ 35 ಸೆಂ.ಮೀ. ನಿಮ್ಮ 20 ಮೀಟರ್ ಸುತ್ತಲು ಹೆಚ್ಚು ಕಡಿಮೆ ಒಂದು ನಿಮಿಷ ಬೇಕು. ಗಡಿಯಾರ ಹಿಡಿದು ನೋಡಿ, ಈಗ ನೀವು ಅದರ ಎರಡು ಮೂರು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೀರಿ ಎಂದು ನನ್ನ ಗುಮಾನಿ. ಎಲ್ಲರೂ ಹಾಗೇ ಶುರುಮಾಡುವುದು. ಒಂದು ಸ್ಟೇಷನ್, ಎದುರಿನ ರೈಲಿಗೆ ದಾರಿ ಬಿಡುವ ಒಂದು ಲೂಪ್, ಗೂಡ್ಸಿಗೆ ಒಂದು ಕವಲು ಇದ್ದರೆ ನಿಲ್ಲಿಸಲು, ಬಿಚ್ಚಲು, ಜೋಡಿಸಲು ಕೆಲಸ ಸಿಗುತ್ತದೆ. ಸುಮ್ಮನೆ ಸುತ್ತುವುದು ಹತ್ತು ನಿಮಿಷಕ್ಕೆ ಬೇಸರ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ಗೆ ಮೋಟರು ಹಾಕಬೇಡಿ, ಮಳೆ ಧೂಳಿಗೆ ಅದೇ ಮೊದಲು ಕೈಕೊಡುವುದು. ಕೈಯಿಂದ ಒತ್ತುವ ಲಿವರೇ ಸಾಕು. ಪ್ರತಿ ಸಲ ಒತ್ತುವ ಮೊದಲು ಚಲಿಸುವ ಹಳಿಯ ಸಂದಿಯಲ್ಲಿ ಜಲ್ಲಿಚೂರು ಸಿಕ್ಕಿಕೊಂಡಿಲ್ಲವೆಂದು ನೋಡಿ.

ಮಳೆ ನಿಂತ ಮೇಲೆ ಹಳಿ ಜಾರುತ್ತದೆ. ಡಾರ್ಜಿಲಿಂಗಿನಲ್ಲಿ ಇಂಜಿನ್ನಿನ ಮೂತಿಯ ಮೇಲೇ ಆಳುಗಳು ಕೂತು ಹಳಿಗೆ ಮರಳು ಚೆಲ್ಲುತ್ತಿದ್ದರು. ನೀವು ಚೆಲ್ಲಬೇಡಿ, ಈ ಗಾತ್ರದ ಕೀಲುಗಳಿಗೆ ಮರಳು ವಿಷ. ಬಟ್ಟೆಯಿಂದ ಹಳಿ ಒರೆಸಿ, ಒಂದು ಗಾಡಿ ಕಡಿಮೆ ಕಟ್ಟಿ. ಓಡಿಸುವ ದಿನ ಮೊದಲು ಒಂದು ಖಾಲಿ ಗಾಡಿಯನ್ನು ಕೈಯಲ್ಲೇ ತಳ್ಳುತ್ತ ಇಡೀ ದಾರಿ ನಡೆಯಿರಿ: ತರಗೆಲೆ, ಬಸವನಹುಳು, ಜಲ್ಲಿಯೊಳಗಿಂದ ಇರುವೆಗಳು ಎತ್ತಿ ಹಾಕಿದ ಮಣ್ಣಿನ ಗುಡ್ಡೆ, ಎಲ್ಲ ಸಿಗುತ್ತದೆ. ವಾರಗಟ್ಟಲೆ ಓಡಿಸದ ದಾರಿಯಲ್ಲಿ ಜೇಡರ ಬಲೆ ಅಚ್ಚುಗಳಿಗೆ ದಾರದಂತೆ ಸುತ್ತಿಕೊಳ್ಳುತ್ತದೆ, ಗಾಡಿಗಳನ್ನು ತಿರುಗಿಸಿ ಚಿಮಟದಿಂದ ಕೀಳಬೇಕು. ಗಿಡ ನೆಡುವುದು ನಿಮ್ಮ ಹವೆಗೆ ಬಿಟ್ಟದ್ದು. ಎಲೆ ಸಣ್ಣದಿರಲಿ, ಬೇರು ಮೇಲುಮೇಲೆ ಇರಲಿ. ದೊಡ್ಡ ಮರದ ಬುಡದಿಂದ ಮಾತ್ರ ದೂರವಿರಿ, ಬೇರು ದಪ್ಪವಾದಂತೆ ಹಳಿಯನ್ನು ಎತ್ತುತ್ತದೆ. ಆ ತಿರುಚನ್ನು ಯಾವ ಜಲ್ಲಿಯೂ ಸರಿಮಾಡದು.

ಸುರಂಗ ಮಾಡಿಕೊಡಿ. ನೇರ ಹಳಿಯ ಮೇಲೆ ಮಾಡಿ, ತಿರುವಿನಲ್ಲಾದರೆ ಮೇಲೆ ಹೇಳಿದ ಲೆಕ್ಕ ಹಾಕಿ ಬಾಯಿ ಅಗಲಿಸಬೇಕು. ಉದ್ದ ಎಷ್ಟಿರಬೇಕೆಂದರೆ ಎರಡೂ ಕಡೆಯಿಂದ ತೋಳು ಚಾಚಿದರೆ ಮಧ್ಯದಲ್ಲಿ ಬೆರಳು ಮುಟ್ಟಬೇಕು, ಅದಕ್ಕಿಂತ ಒಂದು ಇಂಚೂ ಹೆಚ್ಚು ಬೇಡ. ರೈಲು ಹಳಿ ತಪ್ಪುವುದಿದ್ದರೆ ಕೈಗೆಟುಕದ ಕಡೆಯೇ ತಪ್ಪುತ್ತದೆ. ಒಳಗಿನ ನೆಲವನ್ನು ಒಂದು ಬದಿಗೆ ಸ್ವಲ್ಪ ಇಳಿಜಾರು ಮಾಡಿ, ನೀರು ನಿಲ್ಲಬಾರದು. ರಾತ್ರಿ ಎರಡೂ ಬಾಯಿಗೆ ಜಾಲರಿಯ ಮುಚ್ಚಳ ಹಾಕುವುದು ಮಗಳ ಕೆಲಸವಾಗಲಿ. ಅವಳು ಮರೆತ ಮರುದಿನ ಒಳಗೆ ಕೈ ಹಾಕುವ ಮುನ್ನ ಟಾರ್ಚ್ ಬಿಟ್ಟು ನೋಡಿ. ನೆರಳು, ತಂಪು, ಎರಡು ಬಾಗಿಲು ಇರುವ ಮನೆ ಬೇರೆ ಯಾರಿಗಾದರೂ ಇಷ್ಟವಾಗಿರಬಹುದು.